ಇಂಗ್ಲೆಂಡಿನ ಗ್ರಾಮಜೀವನ ಮತ್ತು ಊರಮಾತು

ಇಂಗ್ಲೆಂಡಿನ ಗ್ರಾಮಾಂತರ ಭಾಗದ ಸಣ್ಣ ಊರುಗಳಲ್ಲಿ ಜನರ ನಿತ್ಯದ ಬದುಕು ನಡೆದುಬಂದ ಬಗೆಯನ್ನೂ ಆ ಬದುಕಿನೊಳಗೆ ನೆರೆಹೊರೆಯವರ ಮಾತುಕತೆಗೆ ಇದ್ದ ಸ್ಥಾನವನ್ನೂ ಇಲ್ಲಿ ಒಟ್ಟಿಗೆ ನೋಡಲಾಗಿದೆ. ಎದುರಿಗಿಲ್ಲದವರ ನಡತೆ, ಸಂಬಂಧ, ಸಾಲ, ಕಾಯಿಲೆ, ಗಳಿಕೆಗಳ ಸುದ್ದಿಯೂ ಅದರ ಬೆನ್ನಿಗೇ ಬರುವ ಒಳಿತು ಕೆಡುಕುಗಳ ತೀರ್ಪೂ ಸೇರಿ ಊರಮಾತು ಎನಿಸುತ್ತದೆ. ಪತ್ರಿಕೆ, ಪೊಲೀಸು, ವಿಮೆ, ಪಿಂಚಣಿ ಯಾವುವೂ ಹಳ್ಳಿಯನ್ನು ಮುಟ್ಟದಿದ್ದ ಕಾಲದಲ್ಲಿ ಸುದ್ದಿ ಹರಡುವುದು, ನಡತೆ ಅಳೆಯುವುದು, ಕಷ್ಟದಲ್ಲಿರುವವರನ್ನು ಗುರುತಿಸುವುದು ಬಹುಮಟ್ಟಿಗೆ ಈ ಮಾತಿನ ಮೂಲಕವೇ ನಡೆಯುತ್ತಿದ್ದುದರಿಂದ, ಅದನ್ನು ಹೆಂಗಸರ ಹೊತ್ತುಗಳೆಯುವ ಚಾಳಿ ಎಂದು ತಳ್ಳಿಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ. ಇಂಗ್ಲೆಂಡಿನ ಗ್ರಾಮಸಂಸ್ಥೆಗಳ ಸಾಲಿನಲ್ಲಿ ಚರ್ಚು, ನ್ಯಾಯಸಭೆ, ಶಾಲೆಗಳ ಜೊತೆಗೆ ಊರಮಾತನ್ನೂ ಎಣಿಸಿದಾಗಲೇ ಆ ಹಳ್ಳಿಗಳ ಕರುಣೆಯೂ ಕ್ರೌರ್ಯವೂ ಅರ್ಥವಾಗುತ್ತವೆ.

ದೇಶದ ನಡುಭಾಗದಲ್ಲಿ, ಅಂದರೆ ನಾರ್ಥಾಂಪ್ಟನ್‌ಷೈರ್, ಲೆಸ್ಟರ್‌ಷೈರ್, ಆಕ್ಸ್‌ಫರ್ಡ್‌ಷೈರ್‌ಗಳಂಥ ಕೌಂಟಿಗಳಲ್ಲಿ, ಮನೆಗಳು ಚರ್ಚಿನ ಸುತ್ತ ಒತ್ತೊತ್ತಾಗಿ ಕೂಡಿಕೊಂಡಿದ್ದರೆ, ಡೆವನ್, ಕಾರ್ನ್‌ವಾಲ್, ಕಂಬರ್‌ಲೆಂಡ್ ಕಡೆಗಳಲ್ಲಿ ಒಂಟಿ ತೋಟದ ಮನೆಗಳೂ ನಾಲ್ಕಾರು ಮನೆಗಳ ಕೊಪ್ಪಲುಗಳೂ ಗುಡ್ಡದ ಇಳಿಜಾರುಗಳಲ್ಲಿ ಚದುರಿಕೊಂಡಿರುತ್ತವೆ. ವಿಜಯಿ ವಿಲಿಯಂ ದೊರೆ 1086ರಲ್ಲಿ ಬರೆಯಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿಯೇ ಇಂದಿಗೂ ಇರುವ ಸಾವಿರಾರು ಹಳ್ಳಿಗಳ ಹೆಸರು ಸಿಗುತ್ತದೆ. ಒತ್ತಾಗಿ ಕೂಡಿದ ಹಳ್ಳಿಗಳಲ್ಲಿ ಬಹುಕಾಲ ನಡೆದದ್ದು ತೆರೆದ ಹೊಲದ ಬೇಸಾಯ. ಊರಿನ ಎರಡು ಮೂರು ವಿಶಾಲವಾದ ಬಯಲುಗಳನ್ನು ಉದ್ದನೆಯ ಪಟ್ಟಿಗಳಾಗಿ ಸೀಳಿ, ಒಬ್ಬೊಬ್ಬ ರೈತನಿಗೆ ಅಲ್ಲಲ್ಲಿ ಕೆಲವು ಪಟ್ಟಿಗಳನ್ನು ಹಂಚಲಾಗಿರುತ್ತಿತ್ತು. ಬಿತ್ತನೆ ಯಾವಾಗ, ಕೊಯ್ಲಾದ ಹೊಲಕ್ಕೆ ದನ ಬಿಡುವುದು ಎಂದು ಎಂಬುದನ್ನು ಮ್ಯಾನರ್ ನ್ಯಾಯಸಭೆ, ಅಂದರೆ ಜಮೀನ್ದಾರನ ಹೆಸರಿನಲ್ಲಿ ಸೇರುವ ಊರ ರೈತರ ಸಭೆ, ಗೊತ್ತುಮಾಡುತ್ತಿತ್ತು. ಒಬ್ಬನ ಪಟ್ಟಿಗೆ ಇನ್ನೊಬ್ಬನದು ತಾಗಿಕೊಂಡೇ ಇದ್ದುದರಿಂದ ಬದು ಒತ್ತಿದವರು ಯಾರು, ಕಳೆ ಕೀಳದೆ ಬಿಟ್ಟವರು ಯಾರು, ಗೋಮಾಳಕ್ಕೆ ತಮ್ಮ ಪಾಲಿಗಿಂತ ಹೆಚ್ಚು ಕುರಿ ಬಿಟ್ಟವರು ಯಾರು ಎಂಬುದನ್ನು ಅರಿಯುವುದು ಪ್ರತಿಯೊಬ್ಬನ ಹೊಟ್ಟೆಪಾಡಿನ ವಿಷಯವಾಗಿತ್ತು. ನಾಟಿಂಗ್‌ಹ್ಯಾಂಷೈರಿನ ಲ್ಯಾಕ್ಸ್‌ಟನ್ ಹಳ್ಳಿಯಲ್ಲಿ ಈ ಬೇಸಾಯವೂ ಅದನ್ನು ನೋಡಿಕೊಳ್ಳುವ ನ್ಯಾಯಸಭೆಯೂ ಇಂದಿಗೂ ಉಳಿದಿವೆ. ಉಳಿದೆಡೆಗಳಲ್ಲಿ ಹೊಲ ಮತ್ತು ಗೋಮಾಳಗಳಿಗೆ ಬೇಲಿ ಹಾಕಿ ಖಾಸಗಿ ಒಡೆತನಕ್ಕೆ ಸೇರಿಸುವ ಕೆಲಸ ಶತಮಾನಗಳ ಕಾಲ ನಡೆಯಿತು. 1604ರಿಂದ 1914ರ ಒಳಗೆ ಪಾರ್ಲಿಮೆಂಟು ಇದಕ್ಕಾಗಿ 5,200ಕ್ಕೂ ಹೆಚ್ಚು ಕಾನೂನುಗಳನ್ನು ಮಾಡಿ, ಇಂಗ್ಲೆಂಡಿನ ಐದನೆಯ ಒಂದು ಪಾಲು ನೆಲವನ್ನು, ಅಂದರೆ ಸುಮಾರು 68 ಲಕ್ಷ ಎಕರೆಯನ್ನು, ಬೇಲಿಯೊಳಕ್ಕೆ ತಂದಿತು. ಇದರಿಂದ ಸಣ್ಣ ಹಿಡುವಳಿದಾರರಲ್ಲಿ ಬಹಳ ಮಂದಿ ಕೂಲಿಕಾರರಾದರು.

ಹಳ್ಳಿಯನ್ನು ಒಂದು ಘಟಕವಾಗಿ ಹಿಡಿದಿಟ್ಟದ್ದು ಪ್ಯಾರಿಷ್, ಅಂದರೆ ಒಂದು ಚರ್ಚು ಮತ್ತು ಅದರ ಪಾದ್ರಿಯ ವ್ಯಾಪ್ತಿಗೆ ಸೇರಿದ ನೆಲ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್‌ನಲ್ಲಿಯೂ ನಾಮಕರಣ, ಮದುವೆ, ಮರಣಗಳನ್ನು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ ಮೇಲೆ ಊರವರೆಲ್ಲರ ಜೀವನದ ಮುಖ್ಯ ತಿರುವುಗಳು ಒಂದು ಪುಸ್ತಕಕ್ಕೆ ಏರತೊಡಗಿದವು. ಮದುವೆಯಾಗಬೇಕಾದವರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಿ, ಆಕ್ಷೇಪ ಇದ್ದವರು ಮುಂದೆ ಬರಬೇಕೆಂದು ಕೇಳುವ ಪದ್ಧತಿ ಇತ್ತು. ಹಳೆಯ ಒಡಂಬಡಿಕೆ, ಮೊದಲ ಹೆಂಡತಿ, ತೀರಾ ಹತ್ತಿರದ ನೆಂಟಸ್ತಿಕೆ ಯಾವುದಿದ್ದರೂ ಅದನ್ನು ಊರವರ ಬಾಯಿಂದಲೇ ಹೊರಡಿಸುವ ಏರ್ಪಾಡು ಇದು. ಯಾರಾದರೂ ಸತ್ತಾಗ ಚರ್ಚಿನ ಗಂಟೆಯ ಬಡಿತದ ಲೆಕ್ಕದಿಂದಲೇ ಸತ್ತವರು ಗಂಡಸೋ ಹೆಂಗಸೋ ಮಗುವೋ ಎಂಬುದು ಹೊಲದಲ್ಲಿದ್ದವರಿಗೆ ತಿಳಿಯುತ್ತಿತ್ತು. ಅನೇಕ ಊರುಗಳಲ್ಲಿ ಆಮೇಲೆ ವಯಸ್ಸಿನಷ್ಟು ಸಲವೂ ಗಂಟೆ ಹೊಡೆಯುತ್ತಿದ್ದರು. ಕಾಯಿಲೆ ಬಿದ್ದವರು ಯಾರು ಎಂಬುದು ಮೊದಲೇ ಗೊತ್ತಿರುತ್ತಿದ್ದ ಜನಕ್ಕೆ ಸತ್ತವರ ಹೆಸರನ್ನು ಇನ್ನೊಬ್ಬರು ಹೇಳಬೇಕಾಗುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಹಳ್ಳಿಯಲ್ಲಿ ಮೇಲೆ ಸ್ಕ್ವೈರ್ ಎನಿಸಿಕೊಂಡ ಜಮೀನ್ದಾರ, ಅವನ ಸಮಕ್ಕೆ ಅಥವಾ ಸ್ವಲ್ಪ ಕೆಳಗೆ ಪಾದ್ರಿ, ಆಮೇಲೆ ಗೇಣಿಗೆ ನೂರಾರು ಎಕರೆ ಹಿಡಿದ ದೊಡ್ಡ ರೈತರು, ಅಂಗಡಿಯವ, ಕಮ್ಮಾರ, ಬಡಗಿ, ಎಲ್ಲರಿಗಿಂತ ಕೆಳಗೆ ಕೂಲಿಕಾರರು ಇದ್ದರು. ಎಲ್ಲ ಮನೆಗಳೂ ಒಬ್ಬನೇ ಒಡೆಯನಿಗೆ ಸೇರಿದ್ದ ಊರನ್ನು ಮುಚ್ಚಿದ ಹಳ್ಳಿ ಎಂದೂ ಒಡೆತನ ಹಲವರಲ್ಲಿ ಹಂಚಿಹೋಗಿದ್ದ ಊರನ್ನು ತೆರೆದ ಹಳ್ಳಿ ಎಂದೂ ಕರೆಯುವುದುಂಟು. ಮುಚ್ಚಿದ ಹಳ್ಳಿಯ ಒಡೆಯನ ಅಧಿಕಾರ ಎಷ್ಟಿತ್ತೆಂಬುದಕ್ಕೆ ಡಾರ್ಸೆಟ್ಟಿನ ಮಿಲ್ಟನ್ ಅಬಾಸ್ ಸಾಕ್ಷಿ: ಅಲ್ಲಿನ ಒಡೆಯ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ಬಂಗಲೆಯ ಕಣ್ಣಿಗೆ ಬೀಳುತ್ತಿದ್ದ ಹಳೆಯ ಪೇಟೆಯನ್ನೇ ಕೆಡವಿಸಿ, ಬೇರೆ ಕಣಿವೆಯಲ್ಲಿ ಒಂದೇ ಅಚ್ಚಿನ ಮನೆಗಳ ಹೊಸ ಊರು ಕಟ್ಟಿಸಿದ. ಇಂಥ ಊರಿನಲ್ಲಿ ಮನೆಯೂ ಕೆಲಸವೂ ಒಬ್ಬನ ಕೈಯಲ್ಲೇ ಇದ್ದುದರಿಂದ ಬಂಗಲೆಯವರೆಗೆ ಮುಟ್ಟಿದ ಒಂದು ದೂರು ಸಂಸಾರವನ್ನು ಬೀದಿಗೆ ತಳ್ಳಬಲ್ಲುದಾಗಿತ್ತು. ಮನೆಗೆಲಸಕ್ಕೆ ಹೋಗುವ ಹುಡುಗಿಗೆ ಹಿಂದಿನ ಯಜಮಾನಿ ಬರೆದುಕೊಡಬೇಕಾದ ನಡತೆ ಪತ್ರವಿಲ್ಲದೆ ಬೇರೆಡೆ ಕೆಲಸ ಸಿಗುತ್ತಿರಲಿಲ್ಲ. ಮಾತು ಕೆಳಗಿನಿಂದ ಮೇಲಕ್ಕೂ ಹರಿಯುತ್ತಿತ್ತು ನಿಜ; ಬಂಗಲೆಯ ಜಗಳ, ಸಾಲ, ಕುಡಿತಗಳೆಲ್ಲ ಅಡುಗೆಮನೆಯ ಆಳುಗಳ ಮೂಲಕ ಊರಿಗೆ ಇಳಿಯುತ್ತಿದ್ದವು. ಆದರೆ ಆ ಮಾತು ಯಜಮಾನನ ಅನ್ನ ಕಸಿಯುತ್ತಿರಲಿಲ್ಲ, ಯಜಮಾನನ ಮಾತು ಆಳಿನ ಅನ್ನ ಕಸಿಯುತ್ತಿತ್ತು.

ಕೂಲಿಕಾರನ ಮನೆಯ ದಿನಚರಿ ಬೆಳಕಿಗೆ ಮುಂಚೆ ಶುರುವಾಗುತ್ತಿತ್ತು. ಬ್ರೆಡ್ಡು, ಚೀಸು, ಹಂದಿಕೊಬ್ಬು, ಆಲೂಗೆಡ್ಡೆ, ಮನೆಯ ಹಿತ್ತಲಿನ ಕೋಸು, ಸಕ್ಕರೆ ಕಡಿಮೆಯ ಚಹ ಇವೇ ಆಹಾರ. 1880ರ ದಶಕದ ಆಕ್ಸ್‌ಫರ್ಡ್‌ಷೈರಿನ ಜೂನಿಪರ್ ಹಿಲ್ ಎಂಬ ಕೊಪ್ಪಲಿನ ತಮ್ಮ ಬಾಲ್ಯವನ್ನು 'ಲಾರ್ಕ್ ರೈಸ್' (1939) ಪುಸ್ತಕದಲ್ಲಿ ದಾಖಲಿಸಿದ ಫ್ಲೋರಾ ಥಾಂಪ್ಸನ್ ಕೂಲಿಕಾರನ ವಾರದ ಗಳಿಕೆ ಹತ್ತು ಷಿಲಿಂಗ್ ಎನ್ನುತ್ತಾರೆ. ಅಂಥ ಮನೆಗೆ ಹಿತ್ತಲಲ್ಲಿ ಸಾಕಿದ ಹಂದಿಯೇ ವರ್ಷದ ಆಸರೆ. ಹಂದಿ ಕೊಯ್ದ ದಿನ ಹಸಿ ಮಾಂಸದ ತುಂಡುಗಳು ನೆರೆಮನೆಗಳಿಗೆ ಹೋಗುತ್ತಿದ್ದವು, ಅವರು ಕೊಯ್ದಾಗ ತಿರುಗಿ ಬರುತ್ತಿದ್ದವು. ಯಾರು ಎಷ್ಟು ಕೊಟ್ಟರು, ಯಾರನ್ನು ಬಿಟ್ಟರು ಎಂಬುದು ಬಹಳ ದಿನ ನೆನಪಿನಲ್ಲಿ ಉಳಿಯುತ್ತಿತ್ತು. ಸೋಮವಾರ ಬಟ್ಟೆ ಒಗೆಯುವ ದಿನವಾಗಿದ್ದು, ಯಾರ ಮನೆಯ ಹಗ್ಗಕ್ಕೆ ಬಟ್ಟೆ ಯಾವ ಹೊತ್ತಿಗೆ ಏರಿತು, ದುಪ್ಪಟಿಯಲ್ಲಿ ತೇಪೆ ಎಷ್ಟು ಎಂಬುದರಿಂದ ಆ ಮನೆಯಾಕೆಯ ಅಚ್ಚುಕಟ್ಟನ್ನು ಅಳೆಯುತ್ತಿದ್ದರು. ಕೊಯ್ಲು ಮುಗಿದ ಹೊಲದಲ್ಲಿ ಹೆಂಗಸರು ಮಕ್ಕಳು ಹಕ್ಕಲು ಆಯ್ದು ತಂದ ಗೋಧಿ ಚಳಿಗಾಲದ ಹಿಟ್ಟಿಗೆ ಆಗುತ್ತಿತ್ತು. 1788ರಲ್ಲಿ ನ್ಯಾಯಾಲಯವೊಂದು ಹಕ್ಕಲು ಆಯುವುದು ಬಡವರ ಹಕ್ಕಲ್ಲವೆಂದು ತೀರ್ಪು ಕೊಟ್ಟರೂ ಹಳ್ಳಿಗಳು ಆ ವಾಡಿಕೆಯನ್ನು ಬಿಡಲಿಲ್ಲ.

ಕೈಕೆಲಸ ಮತ್ತು ಮಾತಿನ ನಂಟು ಗಮನಾರ್ಹವಾದುದು. ಬೆಡ್‌ಫರ್ಡ್‌ಷೈರ್, ಬಕಿಂಗ್‌ಹ್ಯಾಂಷೈರ್‌ಗಳಲ್ಲಿ ಲೇಸು ಹೆಣೆಯುವ ಹೆಂಗಸರು ಚಳಿಗಾಲದ ಸಂಜೆ ಒಂದೇ ಮನೆಯಲ್ಲಿ ಸೇರಿ, ಒಂದೇ ಮೇಣದಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳ ಮೂಲಕ ಹಾಯ್ದ ಬೆಳಕನ್ನು ತಮ್ಮ ತಮ್ಮ ಹೆಣಿಗೆಯ ದಿಂಬಿನ ಮೇಲೆ ಬೀಳಿಸಿಕೊಂಡು ಕೆಲಸ ಮಾಡುತ್ತಿದ್ದರು. ಟೋಪಿಗಳಿಗಾಗಿ ಗೋಧಿ ಹುಲ್ಲನ್ನು ಜಡೆ ಹೆಣೆಯುವ ಕೆಲಸವನ್ನು ನಡೆಯುತ್ತಲೂ ಬಾಗಿಲಲ್ಲಿ ನಿಂತೂ ಮಾಡಬಹುದಾಗಿದ್ದುದರಿಂದ ಅದು ಹೆಣ್ಣುಮಕ್ಕಳನ್ನು ಹರಟೆಗೆಳೆಯುತ್ತದೆಂದು ನೀತಿವಾದಿಗಳು ದೂರುತ್ತಿದ್ದರು. ಒಂದು ಕಾಲಕ್ಕೆ ಈ ಹೆಣಿಗೆಯ ಹಣ ಗಂಡಸಿನ ಹೊಲಗೂಲಿಯ ಸಮಕ್ಕೆ ಬಂದಿತ್ತೆಂಬುದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉತ್ತರದ ಡೆಂಟ್ ಕಣಿವೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಉಣ್ಣೆಯ ಕಾಲುಚೀಲ ಹೆಣೆಯುತ್ತ, ಸೌದೆ ದೀಪಗಳ ಖರ್ಚು ಉಳಿಸಲು ಸರದಿಯಂತೆ ಒಬ್ಬೊಬ್ಬರ ಮನೆಯ ಒಲೆಯ ಮುಂದೆ ಸೇರುತ್ತಿದ್ದರು. ಕಥೆ, ಹಾಡು, ನೆರೆಮನೆಯ ಸುದ್ದಿ ಮೂರೂ ಅಲ್ಲಿ ಬೆರೆಯುತ್ತಿದ್ದವು.

ಮಾತಿನ ಮುಖ್ಯ ತಾಣಗಳು ಬಾವಿಕಟ್ಟೆ, ಕಮ್ಮಾರನ ಕುಲುಮೆ, ಅಂಗಡಿ, ಚರ್ಚಿನ ಅಂಗಳ ಮತ್ತು ಪಬ್. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಗೆ ಇರುವ ಸ್ಥಾನ ಅಲ್ಲಿ ಪಬ್ಬಿಗಿದೆ. 1830ರ ಕಾಯಿದೆಯೊಂದು ತೆರಿಗೆ ಕೊಡುವ ಯಾರಾದರೂ ಎರಡು ಗಿನಿ ಕಟ್ಟಿ ಪರವಾನಗಿ ಪಡೆದು ಬಿಯರ್ ಮಾರಬಹುದೆಂದು ಮಾಡಿದ ಮೇಲೆ ಸಣ್ಣ ಸಣ್ಣ ಬಿಯರ್ ಮನೆಗಳು ಹಳ್ಳಿಗಳಲ್ಲೆಲ್ಲ ಹಬ್ಬಿದವು. ಪಬ್ಬು ಬಹುಕಾಲ ಗಂಡಸರ ಜಾಗವೇ ಆಗಿತ್ತು, ಅಲ್ಲಿ ಅರ್ಧ ಪೈಂಟನ್ನು ಸಂಜೆಯುದ್ದಕ್ಕೂ ಹೀರುತ್ತ ಗಂಡಸರು ಆಡುತ್ತಿದ್ದ ಮಾತು ಹೆಂಗಸರ ಮಾತಿಗಿಂತ ಕಡಿಮೆ ಮೊನಚಾಗಿತ್ತೆನ್ನಲು ಆಧಾರವಿಲ್ಲ. ಅಂಚೆ ಸುಧಾರಕ ರೋಲೆಂಡ್ ಹಿಲ್‌ನ ಒಂದು ಪೆನ್ನಿ ಅಂಚೆ 1840ರಲ್ಲಿ ಬಂದ ಮೇಲೆ ಅಂಚೆ ಕಚೇರಿ ಹೊಸ ಕೇಂದ್ರವಾಯಿತು. ಬಹಳ ಕಡೆ ಅದು ಅಂಗಡಿಯ ಒಂದು ಮೂಲೆಯಲ್ಲೇ ಇದ್ದು, ಯಾರಿಗೆ ಯಾವ ಊರಿನ ಮುದ್ರೆಯ ಕಾಗದ ಬಂತೆಂಬುದು ಅದನ್ನು ನೋಡಿಕೊಳ್ಳುವಾಕೆಗೆ ತಿಳಿದೇ ತಿಳಿಯುತ್ತಿತ್ತು. 1870ರಲ್ಲಿ ಅರ್ಧ ಪೆನ್ನಿಯ ತೆರೆದ ಕಾರ್ಡು ಬಂದ ಮೇಲಂತೂ ಒಳಗಿನ ಒಕ್ಕಣೆಯೂ ಗುಟ್ಟಾಗಿ ಉಳಿಯಲಿಲ್ಲ.

ಊರಮಾತಿಗೆ ಹರಿತ ಬಂದದ್ದು ಹಣದ ಲೆಕ್ಕದಿಂದ. 1601ರ ಬಡವರ ಕಾಯಿದೆಯ ಪ್ರಕಾರ ತನ್ನ ವೃದ್ಧರು, ಅಂಗವಿಕಲರು, ಅನಾಥರು, ಕೆಲಸವಿಲ್ಲದವರು ಇವರನ್ನು ಪ್ರತಿ ಪ್ಯಾರಿಷ್ಷೂ ಮನೆಗಳ ಮೇಲೆ ಕರ ಎತ್ತಿ ತಾನೇ ಸಾಕಬೇಕಾಗಿತ್ತು. ಕರ ಎತ್ತುವ ಮತ್ತು ಹಂಚುವ ಮೇಲ್ವಿಚಾರಕರು ಅದೇ ಊರಿನ ರೈತರು. ಯಾರು ನಿಜವಾಗಿ ಹಸಿದಿದ್ದಾರೆ, ಯಾರಿಗೆ ದುಡಿಯುವ ಮಗ ಇದ್ದಾನೆ, ಯಾವ ವಿಧವೆಗೆ ಹೊದೆಯಲು ಕಂಬಳಿಯಿಲ್ಲ ಎಂಬುದನ್ನು ಅವರು ನೆರೆಯವರ ಬಾಯಿಂದಲೇ ತಿಳಿಯುತ್ತಿದ್ದರು. ಎಷ್ಟೋ ಮುದುಕಿಯರಿಗೆ ವಾರದ ಷಿಲಿಂಗು, ಸೌದೆ, ಒಂದು ಜೊತೆ ಬೂಟು ಸಿಕ್ಕಿದ್ದು ಈ ಮಾತಿನಿಂದಲೇ. ಆದರೆ 1662ರ ನೆಲೆಸುವಿಕೆಯ ಕಾಯಿದೆಯ ಪ್ರಕಾರ ಕರದ ಮೇಲೆ ಭಾರವಾಗಬಹುದಾದ ಹೊಸಬರನ್ನು ಅವರ ಮೂಲ ಪ್ಯಾರಿಷ್ಷಿಗೆ ಅಟ್ಟಬಹುದಾಗಿತ್ತು. ಮದುವೆಯಾಗದೆ ಬಸುರಾದವಳು ಹೆತ್ತ ಮಗುವಿಗೆ ಹುಟ್ಟಿದ ಊರೇ ನೆಲೆಯಾಗುತ್ತಿದ್ದುದರಿಂದ, ಹೆರಿಗೆಗೆ ಮುಂಚೆಯೇ ಅವಳನ್ನು ಗಡಿ ದಾಟಿಸುವ ಆತುರ ಊರಿಗೆ. ತಂದೆಯ ಹೆಸರು ಗೊತ್ತಾದರೆ ಅವನಿಂದ ಖರ್ಚು ವಸೂಲು ಮಾಡಬಹುದೆಂಬ ಕಾರಣಕ್ಕೆ, ಹೆರಿಗೆ ನೋವಿನ ನಡುವೆಯೇ ಸೂಲಗಿತ್ತಿಯೂ ಸುತ್ತಲಿನ ಹೆಂಗಸರೂ ಆ ಹೆಸರನ್ನು ಕೇಳಿ ಕೇಳಿ ಹೊರಡಿಸುತ್ತಿದ್ದರು. ಹುಡುಗಿಯೊಬ್ಬಳ ಸೊಂಟದ ಸುತ್ತಳತೆಯ ಬಗ್ಗೆ ಊರು ಆಡುತ್ತಿದ್ದ ಮಾತಿನ ಹಿಂದೆ ಕರದ ಭಯವಿತ್ತು, ಇಂಗ್ಲಿಷ್ ಗ್ರಾಮಚರಿತ್ರೆಯ ಅತ್ಯಂತ ನಿರ್ದಯವಾದ ಭಾಗ ಇದೇ. ಬಡವರ ಕಾಯಿದೆಯ 1834ರ ತಿದ್ದುಪಡಿ ಪ್ಯಾರಿಷ್ಷುಗಳನ್ನು ಕೂಡಿಸಿ ಬಡವರ ದುಡಿಮೆಮನೆಗಳನ್ನು ಕಟ್ಟಿಸಿತಲ್ಲದೆ, ಇಂಥ ಮಗುವಿನ ಹೊಣೆಯನ್ನು ಬಹುಪಾಲು ತಾಯಿಯ ತಲೆಗೇ ಕಟ್ಟಿತು.

ನೀತಿಯ ವಿಚಾರಣೆ ಚರ್ಚಿನ ನ್ಯಾಯಾಲಯಗಳ ಕೈಯಲ್ಲಿತ್ತು. ಹಾದರ, ಕುಡಿತ, ಭಾನುವಾರದ ಪೂಜೆಗೆ ಬಾರದಿರುವುದು, ನೆರೆಯವರೊಡನೆ ನಿತ್ಯ ಜಗಳ ಇವುಗಳಿಗಾಗಿ ಊರಿನ ಚರ್ಚ್‌ವಾರ್ಡನ್ನರು, ಅಂದರೆ ಪ್ಯಾರಿಷ್ಷಿನ ಜನರ ಪರವಾಗಿ ಚರ್ಚನ್ನು ನೋಡಿಕೊಳ್ಳುವವರು, ಜನರ ಮೇಲೆ ದೂರು ಸಲ್ಲಿಸಬೇಕಾಗಿತ್ತು. ದೂರಿಗೆ ಕಣ್ಣಾರೆ ಕಂಡ ಸಾಕ್ಷಿ ಬೇಕೇ ಬೇಕೆಂದಿರಲಿಲ್ಲ, ಊರಲ್ಲೆಲ್ಲ ಹಾಗೆ ಪ್ರಸಿದ್ಧವಾಗಿದೆ ಎಂಬುದೇ ಸಾಕಾಗುತ್ತಿತ್ತು. ಆರೋಪಿಯೂ ತನ್ನ ಪರವಾಗಿ ಆಣೆಯಿಡುವ ಕೆಲವು ನೆರೆಯವರನ್ನು ಕರೆತಂದು ಬಿಡುಗಡೆ ಹೊಂದಬಹುದಾಗಿತ್ತು. ತಪ್ಪಿತಸ್ಥರು ಬಿಳಿಯ ದುಪ್ಪಟಿ ಹೊದ್ದು, ಕೈಯಲ್ಲಿ ಬಿಳಿಯ ಕೋಲು ಹಿಡಿದು, ಭಾನುವಾರ ಇಡೀ ಊರಿನ ಮುಂದೆ ತಪ್ಪೊಪ್ಪಿಕೊಳ್ಳಬೇಕಾಗಿತ್ತು. ಅದೇ ನ್ಯಾಯಾಲಯಕ್ಕೆ ಮಾನನಷ್ಟದ ದೂರುಗಳೂ ಬರುತ್ತಿದ್ದವು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ತಮ್ಮ ಶೀಲದ ಬಗ್ಗೆ ಆಡಿದ ಮಾತಿಗಾಗಿ ಸಾಮಾನ್ಯ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಮೊಕದ್ದಮೆ ಹೂಡಿದ್ದು ಆ ಕಡತಗಳಿಂದ ತಿಳಿಯುತ್ತದೆ. ಯಾರ ಬಾಗಿಲಲ್ಲಿ, ಯಾವ ಹೊತ್ತಿನಲ್ಲಿ, ಯಾರ ಎದುರಿಗೆ, ಯಾವ ಬೈಗಳು ಆಡಲಾಯಿತು ಎಂಬುದನ್ನು ಸಾಕ್ಷಿಗಳು ಹೇಳಿದಂತೆ ಬರೆದಿಟ್ಟಿರುವುದರಿಂದ, ಬರೆಯಲು ಬಾರದ ಜನರ ಆಡುನುಡಿ ಇಷ್ಟು ಹತ್ತಿರದಿಂದ ಕೇಳಿಸುವ ದಾಖಲೆಗಳು ವಿರಳ. ಮಾನನಷ್ಟದ ದೂರುಗಳನ್ನು ವಿಚಾರಿಸುವ ಚರ್ಚಿನ ಅಧಿಕಾರವನ್ನು ಪಾರ್ಲಿಮೆಂಟು 1855ರಲ್ಲಿ ಕೊನೆಗೊಳಿಸಿತು.

ನ್ಯಾಯಾಲಯದ ಹೊರಗೆ ಊರೇ ಕೊಡುವ ಶಿಕ್ಷೆಯೂ ಇತ್ತು. ಗಂಡನನ್ನು ಹೊಡೆಯುವವಳ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಹೆಂಡತಿಯನ್ನು ಹೊಡೆಯುವವನ, ಇಲ್ಲವೆ ಹಾದರಕ್ಕಿಳಿದವರ ಮನೆಯ ಮುಂದೆ ರಾತ್ರಿ ಜನ ಸೇರಿ ತಟ್ಟೆ, ಬಾಣಲೆ, ಕೊಂಬುಗಳನ್ನು ಬಡಿದು ಊದಿ, ಬೊಂಬೆಗಳ ಮೆರವಣಿಗೆ ಮಾಡಿ ಅವಮಾನಿಸುವ ಪದ್ಧತಿಗೆ ಒರಟು ವಾದ್ಯ ಎಂದು ಹೆಸರು. ಸಾಮರ್ಸೆಟ್ಟಿನ ಮಾಂಟಕ್ಯೂಟ್ ಹೌಸ್ ಎಂಬ ಬಂಗಲೆಯ ಹಜಾರದ ಗಾರೆಯ ಚಿತ್ರಪಟ್ಟಿಕೆಯಲ್ಲಿ ಇಂಥ ಮೆರವಣಿಗೆಯನ್ನು ಕಾಣಬಹುದು. ಥಾಮಸ್ ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್' (1886) ಕಾದಂಬರಿಯಲ್ಲಿ ಒಬ್ಬಳ ಸಾವಿಗೆ ಅದೇ ಕಾರಣವಾಗುತ್ತದೆ. ಇದಕ್ಕಿಂತ ಘೋರವಾದದ್ದು ಮಾಟದ ಆರೋಪ. 1563ರಿಂದ 1736ರವರೆಗೆ ಜಾರಿಯಲ್ಲಿದ್ದ ಕಾನೂನುಗಳಡಿ ಎಸೆಕ್ಸ್ ಮುಂತಾದ ಕಡೆ ನಡೆದ ವಿಚಾರಣೆಗಳನ್ನು ಪರಿಶೀಲಿಸಿದ ಚರಿತ್ರಕಾರರಾದ ಅಲನ್ ಮ್ಯಾಕ್‌ಫರ್ಲೇನ್ ಮತ್ತು ಕೀತ್ ಥಾಮಸ್, ಭಿಕ್ಷೆ ಕೇಳಿ ಬಂದ ಬಡ ಮುದುಕಿಯನ್ನು ಬರಿಗೈಯಲ್ಲಿ ಕಳುಹಿಸಿದವರೇ ಆಮೇಲೆ ಹಸು ಸತ್ತಾಗ, ಮಗು ಕಾಯಿಲೆ ಬಿದ್ದಾಗ ಅವಳ ಮೇಲೆ ಬೆರಳು ತೋರಿದ್ದನ್ನು ಮತ್ತೆ ಮತ್ತೆ ಕಂಡರು. ಅನೇಕ ವರ್ಷಗಳ ಪಿಸುಮಾತು ಕೂಡಿಬಂದು ಒಂದು ದಿನ ಮೊಕದ್ದಮೆಯಾಗುತ್ತಿತ್ತು.

ಬಾಯಿಂದ ಬಾಯಿಗೆ ಹರಿಯುವ ಸುದ್ದಿ ಬಡವರ ಆಯುಧವೂ ಆಗಬಲ್ಲುದೆಂಬುದಕ್ಕೆ 1872ರ ಫೆಬ್ರವರಿಯ ಘಟನೆ ನಿದರ್ಶನ. ವಾರಿಕ್‌ಷೈರಿನ ಬಾರ್ಫರ್ಡ್ ಹಳ್ಳಿಯ ಜೋಸೆಫ್ ಆರ್ಚ್ ಬೇಲಿ ಸವರುವ ಕೂಲಿಗಾರ, ಮೆಥಡಿಸ್ಟ್ ಪಂಥದ ಉಪದೇಶಕ. ವೆಲ್ಸ್‌ಬರ್ನ್ ಎಂಬಲ್ಲಿ ಅವನು ಮಾತಾಡುತ್ತಾನೆಂಬ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿ, ನಿರೀಕ್ಷೆ ಮೀರಿ ಸಾವಿರಕ್ಕೂ ಮಿಕ್ಕ ಕೂಲಿಕಾರರು ಕತ್ತಲಲ್ಲಿ ಲಾಟೀನು ಹಿಡಿದು ಸೇರಿದರು. ಅದೇ ವರ್ಷ ಕೃಷಿಕೂಲಿಕಾರರ ರಾಷ್ಟ್ರೀಯ ಸಂಘ ಹುಟ್ಟಿತು, ಆರ್ಚ್ 1885ರಲ್ಲಿ ಪಾರ್ಲಿಮೆಂಟ್ ಸದಸ್ಯನಾದ. 1894ರ ಕಾಯಿದೆ ಚುನಾಯಿತ ಪ್ಯಾರಿಷ್ ಕೌನ್ಸಿಲುಗಳನ್ನು ತಂದು ಪಾದ್ರಿ ಮತ್ತು ಜಮೀನ್ದಾರರ ಪಾರುಪತ್ಯವನ್ನು ಸಡಿಲಿಸಿತು. ಕೆನಡಾದಲ್ಲಿ 1897ರಲ್ಲಿ ಆರಂಭವಾದ ಮಹಿಳಾ ಸಂಸ್ಥೆ 1915ರಲ್ಲಿ ಬ್ರಿಟನ್ನಿಗೆ ಬಂದಿತು. ಬಂಗಲೆಯವಳೂ ಕೂಲಿಕಾರನ ಹೆಂಡತಿಯೂ ಗುಪ್ತ ಮತದಿಂದ ಸಮಿತಿ ಆರಿಸುವ ಈ ಸಂಸ್ಥೆಯಿಂದ ಹಳ್ಳಿಯ ಹೆಂಗಸರ ಮಾತಿಗೆ ಮೊದಲ ಬಾರಿ ಸಭೆ, ನಡಾವಳಿ, ನಿರ್ಣಯಗಳ ರೂಪ ಬಂತು.

ಎರಡನೆಯ ಮಹಾಯುದ್ಧದಲ್ಲಿ ಸರ್ಕಾರವೇ ಹರಟೆಯ ಮೇಲೆ ಕಣ್ಣಿಟ್ಟಿತು. ಅಜಾಗರೂಕ ಮಾತು ಜೀವ ತೆಗೆಯುತ್ತದೆಂದು ಎಚ್ಚರಿಸುವ, ವ್ಯಂಗ್ಯಚಿತ್ರಕಾರ ಫೂಗಾಸ್‌ನ ಚಿತ್ರಗಳು 1940ರಲ್ಲಿ ಎಲ್ಲೆಡೆ ಅಂಟಿದವು. ನಿರಾಶೆಯ ಮಾತಾಡಿದವರ ಮೇಲೆ ಮೊಕದ್ದಮೆ ಹೂಡಿದ್ದು ಮಾತ್ರ ಜನರ ಸಿಟ್ಟಿಗೆ ಕಾರಣವಾಗಿ ಬೇಗನೆ ನಿಂತಿತು. 1939ರ ಸೆಪ್ಟೆಂಬರಿನಲ್ಲಿ ನಗರಗಳಿಂದ ಸುಮಾರು 15 ಲಕ್ಷ ಮಂದಿ, ಹೆಚ್ಚಾಗಿ ಮಕ್ಕಳು ಮತ್ತು ತಾಯಂದಿರು, ಸುರಕ್ಷಿತ ಸ್ಥಳಗಳಿಗೆ ಬಂದಾಗ ಅವರ ಹೇನು, ಹರಕು ಬಟ್ಟೆಗಳ ಕುರಿತು ಹಳ್ಳಿಗಳಲ್ಲಿ ಹುಟ್ಟಿದ ಮಾತು ನಗರದ ಬಡತನದ ಬಗ್ಗೆ ದೇಶದ ಕಣ್ಣು ತೆರೆಸಿತು.

ಸಾಹಿತ್ಯಕ್ಕೆ ಈ ಊರಮಾತು ಬತ್ತದ ಸೆಲೆ. ನಾರ್ಫೋಕ್‌ನ ಪಾದ್ರಿ ಜೇಮ್ಸ್ ವುಡ್‌ಫರ್ಡ್‌ನ ದಿನಚರಿ, ಥ್ರೀ ಮೈಲ್ ಕ್ರಾಸ್ ಹಳ್ಳಿಯನ್ನು ಕುರಿತ ಮೇರಿ ರಸೆಲ್ ಮಿಟ್‌ಫರ್ಡ್‌ಳ 'ಅವರ್ ವಿಲೇಜ್', ಜೇನ್ ಆಸ್ಟಿನ್‌ಳ 'ಎಮ್ಮಾ' (1815) ಇವು ಪ್ರಸಿದ್ಧವಾದವು. ನೆರೆಯವರ ಊಹಾಪೋಹಗಳು ಹೇಗೆ ಹುಟ್ಟಿ ಹೇಗೆ ಹಾದಿ ತಪ್ಪುತ್ತವೆಂಬುದನ್ನು 'ಎಮ್ಮಾ'ದಷ್ಟು ಸೂಕ್ಷ್ಮವಾಗಿ ತೋರಿಸಿದ ಕೃತಿ ಇನ್ನೊಂದಿಲ್ಲ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಸಣ್ಣ ಸಂಗತಿಗಳನ್ನು ನೆನೆದು ಕೊಲೆಗಾರರನ್ನು ಹಿಡಿಯುತ್ತಾಳೆ. 1951ರಿಂದ ಬಿಬಿಸಿ ರೇಡಿಯೊದಲ್ಲಿ ಬರುತ್ತಿರುವ 'ದಿ ಆರ್ಚರ್ಸ್' ಧಾರಾವಾಹಿ, ರೈತರಿಗೆ ಹೊಸ ಬೇಸಾಯ ಕಲಿಸುವ ಉದ್ದೇಶದಿಂದ ಹೊರಟು, ಆಂಬ್ರಿಜ್ ಎಂಬ ಕಲ್ಪಿತ ಹಳ್ಳಿಯ ಸುದ್ದಿಯನ್ನು ನಗರದ ಲಕ್ಷಾಂತರ ಮನೆಗಳ ಮಾತಾಗಿಸಿತು.

ವಿದ್ವಾಂಸರಲ್ಲಿ ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ 1963ರಲ್ಲಿ ಊರಮಾತು ಗುಂಪನ್ನು ಒಗ್ಗೂಡಿಸುತ್ತದೆ, ಅದರಲ್ಲಿ ಪಾಲ್ಗೊಳ್ಳುವ ಹಕ್ಕೇ ಸದಸ್ಯತ್ವದ ಗುರುತು ಎಂದು ವಾದಿಸಿದರೆ, 1967ರಲ್ಲಿ ರಾಬರ್ಟ್ ಪೇನ್ ಅದು ವ್ಯಕ್ತಿಗಳು ತಮ್ಮ ಹಿತಕ್ಕಾಗಿ ಬಳಸುವ ಸಾಧನವೆಂದು ಉತ್ತರಿಸಿದ. ಇಂಗ್ಲೆಂಡಿನ ಕಡತಗಳನ್ನು ನೋಡಿದರೆ ಇಬ್ಬರ ಮಾತೂ ಅರ್ಧ ಸರಿ. ಯಾರ ಮಾತಿಗೆ ಅನ್ನ ಕೊಡುವ, ಕಸಿಯುವ ಬಲವಿತ್ತು ಎಂಬ ಪ್ರಶ್ನೆಯನ್ನು ಇಬ್ಬರೂ ಸಾಕಷ್ಟು ಎತ್ತಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದ ಮೈಸೂರಿನ ಎಂ. ಎನ್. ಶ್ರೀನಿವಾಸರೂ ರಾಮಪುರ ಎಂಬ ಹಳ್ಳಿಯನ್ನು ಕುರಿತ 'ದಿ ರಿಮೆಂಬರ್ಡ್ ವಿಲೇಜ್' (1976) ಗ್ರಂಥದಲ್ಲಿ ಸ್ನೇಹ, ಹಗೆತನ, ಅಸೂಯೆಗಳ ಜೊತೆಗೆ ಊರಮಾತನ್ನೂ ಸಾಮಾಜಿಕ ಸಂಬಂಧಗಳ ಅಂಗವಾಗಿ ಚರ್ಚಿಸಿದ್ದಾರೆ. ಎಸೆಕ್ಸಿನ ಎಲ್ಮ್‌ಡನ್ ಹಳ್ಳಿಯ ಮೇಲೆ ಮೆರಿಲಿನ್ ಸ್ಟ್ರಾದರ್ನ್ ಬರೆದ ಅಧ್ಯಯನ (1981) ನಿಜವಾದ ಊರಿನವರು ಯಾರು, ಹೊರಗಿನವರು ಯಾರು ಎಂಬ ಗೆರೆಯನ್ನು ನೆಂಟಸ್ತಿಕೆಯ ಮಾತು ಎಳೆಯುವ ಬಗೆಯನ್ನು ತೋರಿಸುತ್ತದೆ.

1851ರ ಜನಗಣತಿಯಲ್ಲಿಯೇ ನಗರವಾಸಿಗಳು ಹಳ್ಳಿಗರನ್ನು ಮೀರಿದ್ದರು. ಟ್ರ್ಯಾಕ್ಟರು, ಕಾರು, ಕೂಡುಕಟಾವು ಯಂತ್ರಗಳು ಬಂದ ಮೇಲೆ ಹೊಲದ ಕೆಲಸ ಕೆಲವೇ ಮಂದಿಯ ಪಾಲಾಗಿ, ಕೂಲಿಕಾರರ ಮನೆಗಳನ್ನು ನಗರಕ್ಕೆ ಹೋಗಿಬರುವ ನೌಕರರೂ ನಿವೃತ್ತರೂ ಕೊಂಡರು. ಹಲವು ಸುಂದರ ಊರುಗಳಲ್ಲಿ ಮನೆಯ ಬೆಲೆ ಏರಿ ಅಲ್ಲೇ ಹುಟ್ಟಿದ ಮಕ್ಕಳಿಗೆ ಅಲ್ಲಿ ಇರಲಾಗದಂತಾಗಿದೆ. ಶಾಲೆ, ಬಸ್ಸು, ಅಂಗಡಿಗಳು ಒಂದೊಂದಾಗಿ ನಿಂತವು. 2007ರ ಅನಂತರದ ಎರಡು ವರ್ಷಗಳಲ್ಲಿ ದೇಶದಾದ್ಯಂತ ಸುಮಾರು 2,500 ಅಂಚೆ ಕಚೇರಿಗಳು ಮುಚ್ಚಿದವು. ನೆರೆಯವರ ಮೇಲೆ ಕಣ್ಣಿಡುವ ಹಳೆಯ ಅಭ್ಯಾಸ 1982ರಲ್ಲಿ ಚೆಷೈರಿನ ಮಾಲಿಂಗ್ಟನ್ ಹಳ್ಳಿಯಲ್ಲಿ ಕಳ್ಳತನ ತಡೆಯುವ ನೆರೆಹೊರೆ ಕಾವಲು ಎಂಬ ಯೋಜನೆಯಾಗಿ ರೂಪ ತಳೆದು ಬ್ರಿಟನ್ನಿನಲ್ಲೆಲ್ಲ ಹರಡಿತು. ಅಂಗಡಿಯನ್ನೋ ಪಬ್ಬನ್ನೋ ಊರವರೇ ಷೇರು ಹಾಕಿ ಕೊಂಡು ಸರದಿಯಂತೆ ನಡೆಸುವ ಪ್ರಯೋಗಗಳು ನೂರಾರು ಕಡೆ ಯಶಸ್ವಿಯಾಗಿವೆ. 2011ರ ಸ್ಥಳೀಯತೆಯ ಕಾಯಿದೆಯ ಪ್ರಕಾರ ಊರವರು ಸೇರುವ ಪಬ್ಬು, ಅಂಗಡಿ ಅಥವಾ ಸಭಾಭವನವನ್ನು ಸಮುದಾಯದ ಆಸ್ತಿಯ ಪಟ್ಟಿಗೆ ಸೇರಿಸಬಹುದು. ಹಾಗೆ ಪಟ್ಟಿಯಲ್ಲಿರುವ ಕಟ್ಟಡವನ್ನು ಮಾಲೀಕ ಮಾರಲು ಹೊರಟರೆ, ಊರವರು ಬಯಸಿದಲ್ಲಿ ಹಣ ಕೂಡಿಸಿ ಕೊಳ್ಳಲು ಅವರಿಗೆ ಆರು ತಿಂಗಳ ಅವಕಾಶ ಸಿಗುತ್ತದೆ.